ಅವ್ವನ ಶೇಂದೂರ, ಮಿಸ್ತ್ರಿಯ ಯಂತ್ರ

ನನ್ನ ಬರೆಯುವ ಮೇಜಿನ ಮೇಲೆ ಒಂದು ತಗಡಿನ ಡಬ್ಬಿ ಇದೆ. ಲೇಖನಿಯ ಟಾಕುಗಳನ್ನು ಅದರಲ್ಲಿಡುತ್ತೇನೆ. ಬಿಸಿನೀರು, ಬೂದಿ, ಸೀಗೆಪುಡಿ ಎಲ್ಲವನ್ನೂ ಹಾಕಿ ತೊಳೆದು ನೋಡಿದ್ದಾಗಿದೆ. ಅದರ ಮೂಲೆಗಳಲ್ಲಿ ಕುಳಿತ ಕೆಂಪು ಹೋಗಿಲ್ಲ. ಹೊಸ ಟಾಕು ತೆಗೆದು ಮಸಿಯಲ್ಲಿ ಅದ್ದಿದರೆ ಮೊದಲ ಎರಡು ಅಕ್ಷರಗಳು ತುಸು ಕೆಂಪಾಗಿಯೇ ಮೂಡುತ್ತವೆ. ಇಂದು ಬೆಳಿಗ್ಗೆಯೂ ಹಾಗೆಯೇ ಆಯಿತು. ಒಂದು ವಾರಪತ್ರಿಕೆಯವರು ‘ಸಮಾಜ ಸುಧಾರಣೆಯ ಮುಂದಿನ ಹೆಜ್ಜೆ’ ಎಂಬ ವಿಷಯವಾಗಿ ಲೇಖನ ಕೇಳಿದ್ದಾರೆ. ‘ಸಮಾ’ ಎಂದು ಬರೆದೆ. ಎರಡೂ ಅಕ್ಷರ ಕೆಂಪು. ಅಲ್ಲಿಗೆ ಕೈ ನಿಂತಿತು. ಮುಂದಿನ ಹೆಜ್ಜೆ ಯಾವುದೆಂದು ನನಗೆ ಗೊತ್ತಿಲ್ಲ, ಓದುಗರೇ. ಇಪ್ಪತ್ತು ವರ್ಷ ಹೆಜ್ಜೆ ಇಟ್ಟವನ ಕಾಲು ನೋಯುತ್ತದೆಂಬುದಷ್ಟೇ ಗೊತ್ತು. ಆದ್ದರಿಂದ ಆ ಲೇಖನವನ್ನು ಬದಿಗಿಟ್ಟು ಈ ಡಬ್ಬಿಯ ವಿಷಯವನ್ನೇ ಬರೆಯುತ್ತೇನೆ.

ಧಾರವಾಡದ ಕಾಲೇಜಿನಲ್ಲಿದ್ದಾಗ ನಾನು ಚರ್ಚಾಕೂಟದ ಹುಲಿ. ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿಬರುತ್ತಿದ್ದೆ. ಹೋಗುವಾಗ ವಿಷಯದ ಪರವಾಗಿ, ಬರುವಾಗ ವಿರೋಧವಾಗಿ, ಎದುರಿಗೆ ಕುಳಿತ ಅಪರಿಚಿತ ಪ್ರಯಾಣಿಕರೊಡನೆ ವಾದ ಮಾಡುತ್ತಿದ್ದೆ. ಹತ್ತಿಯ ಗಂಟು ಹೊತ್ತ ಒಬ್ಬ ಸಾವಕಾರರು ನವಲೂರು ಬರುವಷ್ಟರಲ್ಲಿ ರೈಲಿನ ಬೇರೆ ಡಬ್ಬಿಗೆ ಎದ್ದುಹೋದದ್ದನ್ನು ನಾನು ನನ್ನ ಜಯವೆಂದೇ ಲೆಕ್ಕ ಹಾಕಿದ್ದೆ. ‘ಕೈಕಸಬಿಲ್ಲದ ವಿದ್ಯೆ ದೇಶಕ್ಕೆ ಭಾರ’ ಎಂಬ ವಿಷಯದ ಮೇಲೆ ಮಾತನಾಡಿ ಬೆಳ್ಳಿಯ ಪದಕವನ್ನೂ ಪಡೆದೆ. ಆ ಪದಕವನ್ನು ಅಂಗಿಗೆ ಸಿಕ್ಕಿಸುವಾಗ ಪಿನ್ನು ಬೆರಳಿಗೆ ಚುಚ್ಚಿ ರಕ್ತ ಬಂದದ್ದು, ನಾನು ಅಂದಿನವರೆಗೆ ಲೋಹದೊಡನೆ ಇಟ್ಟುಕೊಂಡ ಒಟ್ಟು ಸಂಬಂಧ.

ಪದಕ ಪಡೆದವನಿಗೆ ಮಾತನ್ನು ನಡೆಸಿ ತೋರಿಸಬೇಕೆಂಬ ಹಟ ಹುಟ್ಟಿತು. ಆ ಕಾಲಕ್ಕೆ ಹುಬ್ಬಳ್ಳಿಯಲ್ಲಿ ಹತ್ತಿ ಬಿಡಿಸುವ ಒಂದು ಕಾರಖಾನೆ ಮುಚ್ಚಿ, ಅದರ ದುರಸ್ತಿಯ ಛಪ್ಪರದಲ್ಲಿ ಒಂದು ಹಳೆಯ ಮಿಲ್ಲಿಂಗ್ ಮಷೀನು ಕೋಳಿಗಳಿಗೆ ಮಲಗುವ ಜಾಗವಾಗಿತ್ತು. ಅದನ್ನು ಕೊಂಡುಕೊಂಡೆ. ಈ ಯಂತ್ರವನ್ನು ಕಾಣದವರಿಗೆ ಎರಡು ಮಾತು ಹೇಳಬೇಕು. ಅದರಲ್ಲಿ ಮೇಲೆ ಹಲ್ಲುಗಳುಳ್ಳ ಉಕ್ಕಿನ ಚಕ್ರ ತಿರುಗುತ್ತದೆ. ಕೆಳಗೆ ಕಬ್ಬಿಣದ ಮೇಜೊಂದು, ಕೊರೆಯಬೇಕಾದ ತುಂಡನ್ನು ಹೊತ್ತು, ಚಕ್ರದಡಿಯಲ್ಲಿ ಬಸುರಿಯಂತೆ ಮೆಲ್ಲಗೆ ಸರಿಯುತ್ತದೆ. ಗಾಲಿಗಳಿಗೆ ಹಲ್ಲು ಕೊರೆಯುವುದು ಹೀಗೆ. ರಾಟೆಗಳಿಗೂ ಹತ್ತಿ ಬಿಡಿಸುವ ಕೈಯಂತ್ರಗಳಿಗೂ ಬೇಕಾದ ಗಾಲಿಗಳನ್ನು ಮನೆಯಲ್ಲಿಯೇ ಮಾಡಿ ಹಂಚಬೇಕೆಂಬುದು ನನ್ನ ಸಂಕಲ್ಪ. “ರಾಟಿ ಮಾಡ್ಲಿಕ್ಕೆ ವಿಲಾಯತಿ ಯಂತ್ರ ತಂದ್ಯಲ್ಲೋ!” ಎಂದು ನನ್ನ ಗೆಳೆಯ ವಕೀಲ ಭೀಮಣ್ಣ ನಕ್ಕ. ಅವನಿಗೆ ಐದು ಅಂಶಗಳ ಉತ್ತರ ಕೊಟ್ಟೆ. ಮೂರನೆಯ ಅಂಶಕ್ಕೆ ಅವನು ಎದ್ದು ಹೋದ.

ಯಂತ್ರ ಎತ್ತಿನ ಗಾಡಿಯಲ್ಲಿ ಕಮರಿಪೇಟೆಯ ನಮ್ಮ ಮನೆಗೆ ಬಂದು ಹಿತ್ತಲಿನ ದನದ ಕೊಟ್ಟಿಗೆಯಲ್ಲಿ ಇಳಿಯಿತು. ದನಗಳು ಇಲ್ಲವಾಗಿ ಬಹುದಿನವಾಗಿತ್ತು. ಅದನ್ನು ತಿರುಗಿಸಲು ವಿದ್ಯುತ್ತಿನ ಸೌಕರ್ಯ ನಮಗಿರಲಿಲ್ಲ; ಗೋಡೆಗೆ ಒಂದು ದೊಡ್ಡ ಕಟ್ಟಿಗೆಯ ಚಕ್ರ ಕೂಡಿಸಿ, ಚರ್ಮದ ಪಟ್ಟಾ ಹಾಕಿ, ಕೈಯಿಂದ ತಿರುಗಿಸುವ ಏರ್ಪಾಡು ಮಾಡಿದೆವು. ‘ಮಾಡಿದೆವು’ ಎಂದೆ. ಮಾಡಿದವರು ಹುಸೇನಸಾಹೇಬ ಮಿಸ್ತ್ರಿ. ನಾನು ಇಂಗ್ಲಿಷ್ ಪುಸ್ತಕ ಹಿಡಿದು ಓದಿದೆ.

ಮಿಸ್ತ್ರಿ ನಮ್ಮ ಮನೆಯಿಂದ ಎರಡು ಓಣಿ ಆಚೆಗಿದ್ದರು. ಮೂವತ್ತು ವರ್ಷ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರಾಗಿದ್ದು ನಿವೃತ್ತರಾದವರು. ತೆಳ್ಳಗಿನ ದೇಹ, ಆದರೆ ಮಣಿಕಟ್ಟು ಮಾತ್ರ ಬೇರೆ ಯಾರದೋ ದೊಡ್ಡ ಮನುಷ್ಯನದನ್ನು ತಂದು ಜೋಡಿಸಿದಂತೆ. ಬಲಗಣ್ಣಿಗೆ ಆಗಲೇ ಪೊರೆ ಬಂದು ಮುಚ್ಚಿತ್ತು. ಮೊದಲ ದಿನವೇ ಯಂತ್ರದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕೋಳಿಯ ಹೇಸಿಗೆಯನ್ನು ಹೆಬ್ಬೆರಳಿಂದ ಕೆರೆದು, ಕೆಳಗಿನ ಕಬ್ಬಿಣವನ್ನು ತುಸು ಹೊತ್ತು ನೋಡಿದರು.

“ರಾಯರ, ಈ ಎಡಗಣ್ಣಿಗೂ ಪೊರಿ ಬರಾಕತ್ತೈತ್ರಿ. ಡಾಕ್ಟರ ಹೇಳ್ಯಾರು, ಒಂದ ವರ್ಷ, ಭಾಳ ಅಂದ್ರ ದೀಡ ವರ್ಷ. ಅಷ್ಟ್ರಾಗ ಇದನ್ನ ನಾನ ಮುಗಸ್ತೇನಿ. ಅಲ್ಲಿ ವರ್ಕಶಾಪಿನ್ಯಾಗ ಒಂದ ಮಶಿನ್ನಿಗೆ ಹತ್ತ ಮಂದಿ ಕೈ ಬೀಳತಿತ್ರಿ. ಇದು ನನ್ನದು, ನಾನ ಮಾಡಿದ್ದು ಅನ್ನೂ ಹಂಗ ಒಂದೂ ಇಲ್ಲ. ಕಣ್ಣ ಮುಚ್ಚೂದರಾಗ ಒಂದರ ಇರ್ಲಿ.”

ಇದಕ್ಕೆ ನಾನು ಶ್ರಮದ ಘನತೆಯನ್ನು ಕುರಿತು ಕೆಲವು ಮಾತು ಹೇಳಿದೆ. ಅವರು ಕೇಳಿಕೊಂಡರು. “ಬಾಯಾರ ಚಹಾ ಕಳಿಸ್ಯಾರ್ರಿ, ಆರತೈತಿ,” ಎಂದರು. ಬಾಯಾರೆಂದರೆ ನಮ್ಮ ಅವ್ವ.

ತುಕ್ಕು ತೆಗೆಯಲು, ಬಿಚ್ಚಲು, ಸೀಮೆಎಣ್ಣೆಯಲ್ಲಿ ತೊಳೆಯಲು ಐದು ತಿಂಗಳು ಹಿಡಿಯಿತು. ನಿಜವಾದ ಕೆಲಸ ಆಮೇಲಿನದು. ಆ ಮೇಜು ಸರಿದಾಡುವ ಎರಡು ಕಬ್ಬಿಣದ ಪಟ್ಟಿಗಳು ನಡುವೆ ಸವೆದು, ಹಳೆಯ ಹೊಸ್ತಿಲಿನಂತೆ ತಗ್ಗಾಗಿದ್ದವು. ಪಟ್ಟಿ ಸಪಾಟಿಲ್ಲದಿದ್ದರೆ ಮೇಜು ತೂಗಾಡುತ್ತದೆ. ಮೇಜು ತೂಗಾಡಿದರೆ ಗಾಲಿಯ ಹಲ್ಲು ಸೊಟ್ಟ. ಅದನ್ನು ಸಪಾಟು ಮಾಡುವ ರೀತಿ ಹೀಗೆ: ಮಿಸ್ತ್ರಿಯ ಬಳಿ ಹಳೆಯ ಶಾಲಿನಲ್ಲಿ ಸುತ್ತಿಟ್ಟ, ಕೂದಲೆಳೆಯಷ್ಟೂ ತಪ್ಪಿಲ್ಲದ ಒಂದು ನೇರ ಕಬ್ಬಿಣದ ತುಂಡಿತ್ತು. ಅದಕ್ಕೆ ಎಣ್ಣೆಯಲ್ಲಿ ಕಲಸಿದ ದೀಪದ ಕಾಡಿಗೆಯನ್ನು ತೆಳುವಾಗಿ ಬಳಿದು ಪಟ್ಟಿಯ ಮೇಲೆ ಉಜ್ಜುವರು. ಎಲ್ಲಿ ಉಬ್ಬಿದೆಯೋ ಅಲ್ಲಿ ಮಾತ್ರ ಕಪ್ಪು ಹತ್ತುತ್ತದೆ. ಆ ಕಪ್ಪನ್ನಷ್ಟೇ, ಹಳೆಯ ಅರ ಮಸೆದು ಮಾಡಿದ ಸ್ಕ್ರೇಪರಿನಿಂದ ಕೆರೆಯುವುದು. ಮತ್ತೆ ಬಳಿಯುವುದು, ಮತ್ತೆ ಉಜ್ಜುವುದು, ಮತ್ತೆ ಕೆರೆಯುವುದು. ಮೊದಲು ಅಲ್ಲೊಂದು ಇಲ್ಲೊಂದು ಕಲೆ; ನೂರಾರು ಸಲ ಆದ ಮೇಲೆ ಕಲೆಗಳು ಒಡೆದು ಚಿಕ್ಕವಾಗಿ, ಪಟ್ಟಿಯ ತುಂಬ ಸಮವಾಗಿ ಹರಡುತ್ತವೆ. ಚುಕ್ಕೆಗಳು ಎಷ್ಟು ಒತ್ತಾಗಿ ಒಂದೇ ಸಮನಾಗಿ ಬರುತ್ತವೆಯೋ ಪಟ್ಟಿ ಅಷ್ಟು ಸಪಾಟಾದಂತೆ.

ನಾನು ಇದನ್ನು ಪುಸ್ತಕದಲ್ಲಿ ಓದಿದ್ದೆ. ಕಣ್ಣಾರೆ ನೋಡಿದ್ದು ಕಡಿಮೆ. ಆಗ ನಾನು ಹಳ್ಳಿಹಳ್ಳಿ ತಿರುಗಿ ಭಾಷಣ ಮಾಡುತ್ತಿದ್ದೆ. ವಿಷಯ, ಕೈಕಸಬು.

ಇನ್ನು ನಮ್ಮ ಅವ್ವ. ಅಪ್ಪ ಹೋದ ಮೇಲೆ ಅವಳಿಗೆ ನಾನೊಬ್ಬನೇ, ನನಗೆ ಅವಳೊಬ್ಬಳೇ ಸಭಿಕಳು. ನನ್ನ ತತ್ತ್ವಗಳಿಗಾಗಿ ಅವಳು ಒಂದೊಂದಾಗಿ ಎಷ್ಟೋ ಬಿಟ್ಟಿದ್ದಳು. ಮಿಸ್ತ್ರಿಯ ಚಹದ ಲೋಟವನ್ನು ಬೇರೆ ಗೂಡಿನಲ್ಲಿಡುವುದನ್ನು ಬಿಟ್ಟಳು. ಅದಕ್ಕೆ ನನ್ನ ಮುಕ್ಕಾಲು ತಾಸಿನ ಉಪನ್ಯಾಸ ಕಾರಣವೆಂದು ನಾನು ಬಹಳ ಕಾಲ ನಂಬಿದ್ದೆ. ಮಿಸ್ತ್ರಿಯೇ ಒಂದು ದಿನ ಅವಳ ಬಾವಿಯ ರಾಟೆಯನ್ನು ಹೇಳದೆ ಕೇಳದೆ ದುರಸ್ತಿ ಮಾಡಿಕೊಟ್ಟಿದ್ದರೆಂದು ತಡವಾಗಿ ತಿಳಿಯಿತು. ದೇವರ ಗೂಡಿನಲ್ಲಿ ಒಬ್ಬ ಮಾರುತಿ ಮಾತ್ರ ಉಳಿದಿದ್ದ. ಅವನಿಗೆ ಶನಿವಾರಕ್ಕೊಮ್ಮೆ ಕೆಂಪು ಶೇಂದೂರ ಹಚ್ಚುವುದು ಒಂದನ್ನು ಅವಳು ಬಿಡಲಿಲ್ಲ. ನಾನೂ ಉದಾರವಾಗಿ ಸಹಿಸಿಕೊಂಡಿದ್ದೆ.

ಆ ವರ್ಷ ಖಂಡೇನವಮಿ ಹತ್ತಿರ ಬಂತು. ಊರಿನ ಎಲ್ಲ ಹತಾರಗಳೂ ಯಂತ್ರಗಳೂ ಕುಂಕುಮ ಹಚ್ಚಿಸಿಕೊಂಡು ಸುಮ್ಮನೆ ಕೂಡುವ ದಿನ. ಅಂದೇ ನಮ್ಮ ಯಂತ್ರ ನಡೆಯಬೇಕೆಂದು ನಾನು ನಿಶ್ಚಯಿಸಿದೆ. ಊರೆಲ್ಲ ಕಬ್ಬಿಣವನ್ನು ಪೂಜಿಸುವಾಗ ನಾವು ಕಬ್ಬಿಣದಿಂದ ಕೆಲಸ ತೆಗೆಯಬೇಕು! ಭೀಮಣ್ಣನೇ ಮೊದಲಾಗಿ ಆರು ಜನ ಗೆಳೆಯರಿಗೆ ಮಧ್ಯಾಹ್ನ ಬರಲು ಹೇಳಿದೆ. ಮಿಸ್ತ್ರಿ ತಲೆ ಕೆರೆದುಕೊಂಡರು.

“ಮೂವತ್ತ ವರ್ಷ ಆ ದಿನಾ ಹತ್ಯಾರ ಮುಟ್ಟಿಲ್ರಿ ನಾ. ಎಲ್ಲಾರೂ ಕೆಳಗಿಡತಿದ್ರು, ನಾನೂ ಇಡತಿದ್ದೆ.”

“ನಿಮ್ಮ ಧರ್ಮದಲ್ಲಿ ಅದಿಲ್ಲವಲ್ಲ, ಮಿಸ್ತ್ರಿ.”

“ಧರ್ಮದ್ದಲ್ಲರಿ. ಹತ್ಯಾರಕ್ಕೂ ಒಂದಿನ ಸೂಟಿ ಬ್ಯಾಡೇನ್ರಿ?”

ಇದಕ್ಕೂ ನನ್ನ ಬಳಿ ಉತ್ತರವಿತ್ತು. ಅವರು ಒಪ್ಪಿದರು. ಒಪ್ಪಿದರೆಂದರೆ, ಸುಮ್ಮನಾದರು. ಆ ಕಾಲದಲ್ಲಿ ನನಗೆ ಎರಡಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಅವ್ವನಿಂದಲೂ ಮಾತು ತೆಗೆದುಕೊಂಡೆ: ಯಂತ್ರಕ್ಕೆ ಕುಂಕುಮ, ಅರಿಷಿಣ, ಹೂವು ಏನೂ ಸೋಕಕೂಡದು.

ಹಿಂದಿನ ಸಂಜೆ ನಾನು ಒಂದು ಸಭೆಗೆ ಹೋಗಿ, ಊಟದ ಹೊತ್ತು ಮೀರಿ ಬಂದು ಮಲಗಿದೆ. ಬೆಳಿಗ್ಗೆ ಎದ್ದವನೇ ಕೊಟ್ಟಿಗೆಗೆ ಹೋದೆ. ಯಂತ್ರದ ಮೇಜನ್ನು ಕಳಚಿ ಬದಿಗಿಟ್ಟಿತ್ತು. ಕೆಳಗಿನ ಎರಡೂ ಪಟ್ಟಿಗಳ ಮೇಲೆ, ಈ ತುದಿಯಿಂದ ಆ ತುದಿಯವರೆಗೆ, ಕೆಂಪು ಬೊಟ್ಟುಗಳು! ಒಂದೇ ಅಳತೆ, ಒಂದೇ ಅಂತರ, ಹಬ್ಬದ ದಿನ ಹೊಸ್ತಿಲಿಗೆ ಇಟ್ಟ ಹಾಗೆ. ನೇರ ದೇವರ ಗೂಡಿಗೆ ಹೋದೆ. ಶೇಂದೂರದ ಡಬ್ಬಿ ಬರಿದು.

ಚರ್ಚಾಕೂಟದಲ್ಲಿ ಇಷ್ಟು ಪುರಾವೆ ಸಿಕ್ಕರೆ ಎದುರಾಳಿಯನ್ನು ನಾವು ಜೀವಸಹಿತ ಬಿಡುತ್ತಿರಲಿಲ್ಲ. ಬರಿದಾದ ಡಬ್ಬಿಯನ್ನು ಎತ್ತಿ ಹಿಡಿದೆ.

“ಅವ್ವಾ, ಇದೇನಿದು? ನೀನು ಮಾತು ಕೊಟ್ಟಿರಲಿಲ್ಲವೆ?”

ಅವಳು ಒಲೆಯ ಮುಂದಿನಿಂದ ತಿರುಗಿ ನೋಡಿದಳು. “ಅದಾ ತಮ್ಮಾ, ನಿನ್ನೆ ಸಂಜೀಗೆ...”

“ಮಧ್ಯೆ ಮಾತನಾಡಬೇಡ!” ಎಂದೆ. ಇದು ಚರ್ಚಾಕೂಟದ ಮೊದಲನೆಯ ನಿಯಮ. ತಾಯಿಗೆ ಅನ್ವಯಿಸಬಾರದೆಂದು ಎಲ್ಲಿಯೂ ಬರೆದಿರಲಿಲ್ಲ. ನಾನು ಹುಣಸೇಹಣ್ಣು, ಇಟ್ಟಿಗೆಯ ಪುಡಿ, ತೆಂಗಿನ ನಾರು, ಒಂದು ಕೊಡ ನೀರು ತೆಗೆದುಕೊಂಡು ಕೊಟ್ಟಿಗೆಗೆ ನಡೆದೆ. ತಾಮ್ರದ ಹಂಡೆ ಬೆಳಗುವುದನ್ನು ಚಿಕ್ಕಂದಿನಿಂದ ನೋಡಿದವನು. ಲೋಹ ಸ್ವಚ್ಛ ಮಾಡುವುದಕ್ಕೆ ಬೇರೆ ದಾರಿ ನನಗೆ ತಿಳಿಯದು. ಧೋತರವನ್ನು ಸೊಂಟಕ್ಕೆ ಎತ್ತಿ ಕಟ್ಟಿ ಒಂದು ತಾಸು ತಿಕ್ಕಿದೆ. ತಿಕ್ಕುತ್ತಲೇ ಮೂಢನಂಬಿಕೆಯ ಉಗಮ, ಬೆಳವಣಿಗೆ ಮತ್ತು ನಿರ್ಮೂಲನದ ಮೇಲೆ ಮಾತನಾಡಿದೆ. ಅವ್ವ ಬಾಗಿಲ ಚೌಕಟ್ಟಿಗೆ ಆತು ನಿಂತು ಕೇಳಿದಳು. ಇಷ್ಟು ಶ್ರದ್ಧೆಯಿಂದ ನನ್ನನ್ನು ಯಾವ ಸಭೆಯೂ ಕೇಳಿರಲಿಲ್ಲ. ಕೈಗೆ ಗುಳ್ಳೆ ಎದ್ದವು. ನನ್ನ ಜೀವನದ ಮೊದಲ ದೇಹಶ್ರಮ. ಬಹಳ ಚೆನ್ನಾಗಿ ಮಾಡಿದೆ. ಒಂದು ಬೊಟ್ಟೂ ಉಳಿಯಲಿಲ್ಲ.

“ಮುಗೀತೇನು?” ಎಂದಳು ಅವ್ವ. “ಮುಗಿದಿದ್ರ ನಾನೂ ಒಂದ ಮಾತು ಹೇಳಲೇನು? ಆ ಶೇಂದೂರ ನಾ ಹಚ್ಚಿಲ್ಲ. ನಿನ್ನೆ ಮಿಸ್ತ್ರಿ ಕೇಳಿದ್ರು. ಕಾಡಿಗಿ ಕಬ್ಬಿಣದ ಮ್ಯಾಲ ಕಾಣಲಿಕ್ಕೆ ಒಲ್ಲದು, ಬಾಯಾರ, ಕರ್ರಗಿದ್ದದ್ದು ಕರ್ರಗಿನ ಮ್ಯಾಲ ಕಣ್ಣಿಗೆ ಹತ್ತವಲ್ದು, ಕೆಂಪಂದು ಏನರ ಐತೇನ್ರಿ, ಅಂದ್ರು. ಮಾರುತೀದು ಕೊಟ್ಟೆ. ಎಣ್ಯಾಗ ಕಲಸಿ ಉಜ್ಜಿ ನೋಡಿ, ಎಷ್ಟ ಖುಷಿ ಆದ್ರಂತೀ! ಹೊತ್ತ ಮುಣಗಿತ್ತು, ಮುಂಜಾನೆ ಬಿಸಲಾಗ ಕಡೀದೊಂದು ಕೈ ಆಡಸ್ತೀನಿ, ಯಾರೂ ಮುಟ್ಟಬ್ಯಾಡ್ರಿ ಅಂತ ಹೇಳಿ ಹೋದ್ರು.”

ನಾನು ನಾರು ಕೆಳಗಿಟ್ಟೆ. ಆ ಬೊಟ್ಟುಗಳು ಅಷ್ಟು ಅಂದವಾಗಿ, ಅಷ್ಟು ಸಮನಾಗಿ ಇದ್ದದ್ದಕ್ಕೆ ಕಾರಣ ಪಟ್ಟಿ ಸಪಾಟಾಗಿದ್ದದ್ದು. ಕೆಲಸ ಕೆಟ್ಟಿದ್ದರೆ ಪೂಜೆಯ ಹಾಗೆ ಕಾಣುತ್ತಿರಲಿಲ್ಲ; ನಾನೂ ಮುಟ್ಟುತ್ತಿರಲಿಲ್ಲ.

ಮಿಸ್ತ್ರಿ ಬಿಸಿಲು ಏರುವ ಹೊತ್ತಿಗೆ ಸರಿಯಾಗಿ ಬಂದರು. ಹುಣಸೆಯ ಹುಳಿಗೆ ಅಷ್ಟರಲ್ಲಿಯೇ ಪಟ್ಟಿಯ ಮೇಲೆ ಕಂದು ತುಕ್ಕು ಏಳತೊಡಗಿತ್ತು. ಅವರು ಬಗ್ಗಿ ಎಡಗಣ್ಣನ್ನು ಕಬ್ಬಿಣಕ್ಕೆ ಗೇಣಿನಷ್ಟು ಹತ್ತಿರ ತಂದರು. ಅಂಗೈಯಿಂದ ಸವರಿದರು. ಇಟ್ಟಿಗೆಯ ಗೀರುಗಳು ಬೆರಳಿಗೆ ಸಿಕ್ಕಿರಬೇಕು.

“ಯಾರ ತಿಕ್ಕಿದ್ರಿ?”

“ನಾನು.”

“ಛಲೋ ತಿಕ್ಕೀರಿ.”

ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನಾನು ಏನಾದರೂ ಹೇಳಿಕೊಳ್ಳಬಹುದಾಗಿತ್ತು. ಸ್ಕ್ರೇಪರನ್ನೂ ನೇರ ತುಂಡನ್ನೂ ಶಾಲಿನಲ್ಲಿ ಸುತ್ತಿದರು. “ಇವತ್ತ ಖಂಡೇನವಮಿರಿ. ಹತ್ಯಾರ ಮುಟ್ಟೂದಿಲ್ಲ,” ಎಂದು ಹೊರಟುಹೋದರು. ಮಧ್ಯಾಹ್ನ ಗೆಳೆಯರು ಬಂದರು. ಯಂತ್ರ ಇಂದು ನಡೆಯುವುದಿಲ್ಲವೆಂದೆ. “ಹಾಂಗಂದ್ರ ನಿನ್ನ ಯಂತ್ರಾನೂ ಹಬ್ಬಾ ಮಾಡಲಿಕ್ಕೆ ಹತ್ತೇದ?” ಎಂದ ಭೀಮಣ್ಣ. ನಾನು ಉತ್ತರ ಕೊಡದಿದ್ದುದನ್ನು ನೋಡಿ ನನಗೆ ಜ್ವರ ಬಂದಿದೆಯೆಂದು ಅವನು ಹಣೆ ಮುಟ್ಟಿ ನೋಡಿದ.

ಮರುದಿನ ಮಿಸ್ತ್ರಿಯ ಮನೆಗೆ ಹೋದೆ. ದಾರಿಯಲ್ಲಿ ಕ್ಷಮಾಯಾಚನೆಯ ಮಾತನ್ನು ಮೂರು ಭಾಗ ಮಾಡಿ ಜೋಡಿಸಿಕೊಂಡಿದ್ದೆ. ಮೊದಲ ಭಾಗದ ಮೊದಲ ವಾಕ್ಯಕ್ಕೇ ಅವರು ಕೈ ಎತ್ತಿದರು.

“ಮಾತ ಸಾಕ್ರಿ, ರಾಯರ. ಕೈ ತೋರಸ್ರಿ.”

ತೋರಿಸಿದೆ. ಅವರು ನೋಡಲಿಲ್ಲ, ಹೆಬ್ಬೆರಳಿನಿಂದ ನನ್ನ ಗುಳ್ಳೆಗಳನ್ನು ಒಂದೊಂದಾಗಿ ಒತ್ತಿದರು. “ಒಂದ ತಾಸಿಗೆ ಇಷ್ಟ! ಆಗಲಿ. ಮೊದಲಿಂದ ಮಾಡಬೇಕಾಗತೈತಿ. ನನ್ನ ಕಣ್ಣ ಅಷ್ಟ ದಿನಾ ತಡಿಯೂದಿಲ್ಲ. ನೀವು ಕೆರೀರಿ, ನಾ ಹೇಳತೇನಿ. ಆದ್ರ ಒಂದ ಕರಾರ ಐತಿ. ಕೊಟ್ಟಿಗ್ಯಾಗ ಭಾಷಣ ಇಲ್ಲ.”

ಮೊದಲು ಶೇಂದೂರ ಬೇಕಾಯಿತು. ಅವ್ವನ ಡಬ್ಬಿ ಬರಿದು. ಅವಳ ಮಾರುತಿಯೂ ಆ ಶನಿವಾರ ಬೋಳಾಗಿ ಕುಳಿತಿದ್ದ. ಪೇಟೆಯ ಅಂಗಡಿಗೆ ನಾನೇ ಹೋದೆ. ಹಿಂದಿನ ತಿಂಗಳಷ್ಟೇ ಅದೇ ಅಂಗಡಿಯ ಕಟ್ಟೆಯ ಮೇಲೆ ನಿಂತು ವಿಗ್ರಹಪೂಜೆಯನ್ನು ಖಂಡಿಸಿದ್ದೆ. “ಏನ್ರೀ ರಾಯರ, ಯಾವ ಮಾರುತೀಗೆ?” ಎಂದು ಅಂಗಡಿಯ ಸೆಟ್ಟರು ಓಣಿಗೆಲ್ಲ ಕೇಳುವಂತೆ ಕೇಳಿದರು. “ಯಂತ್ರಕ್ಕೆ,” ಎಂದೆ. “ಅದೂ ದೇವ್ರ ಆತೇನ್ರಿ!” ಎಂದು ಅವರು ಒಂದು ಚಿಟಿಕೆ ಹೆಚ್ಚಾಗಿಯೇ ಕಟ್ಟಿಕೊಟ್ಟರು. ಎರಡು ಪೊಟ್ಟಣ ತಂದೆ. ಒಂದನ್ನು ಏನೂ ಹೇಳದೆ ದೇವರ ಗೂಡಿನಲ್ಲಿಟ್ಟೆ. ಅವ್ವ ಅದನ್ನು ಒಂದು ಬಟ್ಟಲಿಗೆ ಸುರುವಿಕೊಂಡಳು. ಹಳೆಯ ಡಬ್ಬಿ ಕೊಟ್ಟಿಗೆಗೆ ಬಂತು.

ಆ ಚಳಿಗಾಲವನ್ನು ನೆನೆದರೆ ಈಗಲೂ ಹೆಗಲು ನೋಯುತ್ತದೆ. ಬಳಿ, ಉಜ್ಜು, ಕೆರೆ. ಬಳಿ, ಉಜ್ಜು, ಕೆರೆ. ನಾಲ್ಕು ದಿನದ ಕೆಲಸವನ್ನು ಐದನೆಯ ದಿನ ಒಂದು ಹುಂಬ ಎಳೆತದಲ್ಲಿ ಹಾಳು ಮಾಡುತ್ತಿದ್ದೆ. “ಒತ್ತಬ್ಯಾಡ್ರಿ. ಕಬ್ಬಿಣಾ ಗೆಲ್ಲಾಕ ಬಂದೀರೇನು?” ಎನ್ನುತ್ತಿದ್ದರು ಮಿಸ್ತ್ರಿ. ಸಭೆಗಳಿಗೆ ಹೋಗುವುದು ತಪ್ಪಿತು. ಸಭೆಯವರು ಮೊದಲು ಬೈದರು, ಆಮೇಲೆ ಕರೆಯುವುದನ್ನೇ ಬಿಟ್ಟರು. ಊರಿನ ಸುಧಾರಣೆ ನಾನಿಲ್ಲದೆಯೂ ಮೊದಲಿನಷ್ಟೇ ನಡೆಯಿತು. ಸಂಜೆ ಅನ್ನ ಕಲಸಲು ಬೆರಳು ಮಡಿಸಲಾಗುತ್ತಿರಲಿಲ್ಲ. ಅವ್ವ ಕಲಸಿಕೊಡುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಮಿಸ್ತ್ರಿ ಪಟ್ಟಿಯ ಮೇಲೆ ಬಗ್ಗಿ ಬಹಳ ಹೊತ್ತು ಹಾಗೆಯೇ ನಿಂತರು. “ಕೆಂಪೂ ಹೋತ್ರಿ,” ಎಂದರು. ಬಾವಿಯ ನೀರು ಕಡಿಮೆಯಾಯಿತೆಂದು ಹೇಳುವ ದನಿ. ನಾನು ಬಾಯಿ ತೆರೆದೆ, ಕರಾರು ನೆನಪಾಯಿತು, ಮುಚ್ಚಿದೆ. ಅಂದಿನಿಂದ ಅವರು ಬೆರಳಿನ ತುದಿಯಿಂದ ನೋಡತೊಡಗಿದರು. ನನ್ನ ಕಣ್ಣಿಗೆ ಬೊಟ್ಟುಗಳೆಲ್ಲ ಸಮವಾಗಿ ಕಂಡಾಗಲೂ ಅವರ ಬೆರಳು ಎಲ್ಲೋ ಒಂದೆಡೆ ನಿಲ್ಲುತ್ತಿತ್ತು. “ಇಲ್ಲೊಂದ ಉಳದೈತಿ.” ನಾನು ವಾದಿಸುತ್ತಿರಲಿಲ್ಲ. ಬಳಿದು ಉಜ್ಜಿದರೆ ಅಲ್ಲಿ ಕೆಂಪು ಇರುತ್ತಿತ್ತು.

ಯುಗಾದಿಯ ಮುಂಚೆ ಒಂದು ದಿನ ಅವರ ಬೆರಳು ಈ ತುದಿಯಿಂದ ಆ ತುದಿಗೆ ಎಲ್ಲಿಯೂ ನಿಲ್ಲದೆ ಹೋಯಿತು. ಮತ್ತೊಮ್ಮೆ ಹೋಯಿತು. ಆಗ ಅವರು ಸ್ಕ್ರೇಪರು ಕೇಳಿದರು.

ಕೆಲಸ ಮುಗಿದ ಪಟ್ಟಿಯ ಮೇಲೆ ಫಿಟ್ಟರು ಸಣ್ಣ ಸಣ್ಣ ಅರ್ಧಚಂದ್ರಗಳ ಸಾಲು ಕೆತ್ತುತ್ತಾನೆ. ಎಣ್ಣೆ ಅದರಲ್ಲಿ ನಿಲ್ಲುತ್ತದೆ; ಒಬ್ಬೊಬ್ಬನ ಕೈಯ ಚಂದ್ರ ಒಂದೊಂದು ಬಗೆ, ನೋಡಿದವರು ಯಾರ ಕೆಲಸವೆಂದು ಹೇಳಬಲ್ಲರು. ಇದನ್ನು ಅವರು ನನಗೆ ಕಲಿಸಿರಲಿಲ್ಲ. “ಗೆರೆ ಎಳೆದು ಕೊಡಲೇನು, ಮಿಸ್ತ್ರಿ?” ಎಂದೆ. “ಬ್ಯಾಡ್ರಿ.” ಎಡಗೈಯ ಹೆಬ್ಬೆರಳಿನಿಂದ ಅಂಚನ್ನು ಹುಡುಕಿಕೊಂಡು, ಬಲಗೈ ಮಣಿಕಟ್ಟನ್ನು ಚಿಟಿಕೆ ಹೊಡೆದಂತೆ ತಿರುಗಿಸುತ್ತ, ಒಂದೊಂದೇ ಚಂದ್ರ ಇಡುತ್ತ ಹೋದರು. ಮುಕ್ಕಾಲು ಪಟ್ಟಿಯವರೆಗೆ ಸಾಲು ದಾರ ಹಿಡಿದ ಹಾಗೆ ಬಂತು. ಆಮೇಲೆ ಹೆಬ್ಬೆರಳು ದಣಿಯಿತೋ ಏನೋ, ಸಾಲು ಮೆಲ್ಲಗೆ ಓರೆಯಾಗಿ, ಕೊನೆಯ ಚಂದ್ರ ಅಂಚಿನಿಂದ ಅರ್ಧ ಹೊರಗೆ ಹೋಯಿತು.

“ಹೆಂಗ ಬಂದೈತ್ರಿ?” ಎಂದರು.

ಬಾಗಿಲಲ್ಲಿ ಅವ್ವ ಚಹ ಹಿಡಿದು ನಿಂತಿದ್ದಳು. ಅವಳಿಗೂ ಕಾಣುತ್ತಿತ್ತು. ನನ್ನ ಮುಖವನ್ನೇ ನೋಡಿದಳು.

“ನಿಮ್ಮ ಕೈ ಅಂತ ಯಾರಿಗಾದರೂ ಗುರುತು ಸಿಗುತ್ತದೆ, ಮಿಸ್ತ್ರಿ,” ಎಂದೆ.

ಮಧ್ಯಾಹ್ನ ಮೇಜು ಕೂಡಿಸಿದೆವು. ಗೆಳೆಯರನ್ನು ಯಾರನ್ನೂ ಕರೆದಿರಲಿಲ್ಲ. ಕಟ್ಟಿಗೆಯ ಚಕ್ರವನ್ನು ನಾನು ತಿರುಗಿಸಿದೆ. ಮಿಸ್ತ್ರಿ ಸರಿಯುವ ಮೇಜಿನ ಮೇಲೆ ಅಂಗೈ ಇಟ್ಟು ತಲೆ ಬಾಗಿಸಿ ನಿಂತರು. “ಇವತ್ತೂ ಭಾಷಣ ಇಲ್ಲೇನ್ರಿ?” ಎಂದರು ಕೊನೆಗೆ. “ಅಂವಗ ದಮ್ಮ ಹತ್ತೇದ ಬಿಡ್ರಿ,” ಎಂದಳು ಅವ್ವ.

ಆ ಯಂತ್ರದಲ್ಲಿ ನಾವು ಮಾಡಿದ ಗಾಲಿಗಳು ದೇಶವನ್ನು ಬದಲಿಸಲಿಲ್ಲ. ಕೆಲವು ರಾಟೆಗಳು ತಿರುಗಿದವು, ಅಷ್ಟೆ. ಅವ್ವ ಈಗಿಲ್ಲ, ಮಿಸ್ತ್ರಿಯೂ ಇಲ್ಲ. ಯಾರಾದರೂ ಯಂತ್ರ ನೋಡಬಂದವರು, ಮೇಜನ್ನು ಪೂರ್ತಿ ಆಚೆಗೆ ಸರಿಸಿದಾಗ, ಆ ಓರೆಯಾದ ಸಾಲನ್ನು ಕಂಡು, ಇಷ್ಟು ಅಚ್ಚುಕಟ್ಟಾದ ಕೆಲಸದಲ್ಲಿ ಇದೊಂದನ್ನು ಏಕೆ ಸರಿಪಡಿಸಲಿಲ್ಲವೆಂದು ಕೇಳುತ್ತಾರೆ. ಅರ್ಧ ದಿನದ ಕೆಲಸ. ನನ್ನ ಕೈಗೆ ಈಗ ಬರುತ್ತದೆ. ತಿದ್ದುವುದೇ ನನ್ನ ಜೀವಮಾನದ ಉದ್ಯೋಗವೂ ಹೌದು. ಎಣ್ಣೆಯ ಬಟ್ಟೆಯಿಂದ ಆ ಚಂದ್ರಗಳನ್ನು ಒಮ್ಮೆ ಒರೆಸಿ, ಮೇಜನ್ನು ಮತ್ತೆ ಅದರ ಮೇಲೆ ಸರಿಸಿಬಿಡುತ್ತೇನೆ.